ಕರಾವಳಿಯ ಇನ್‌ಕ್ಯುಬೇಟರ್: ನೀರಿನ ಬಟ್ಟಲು ಮೊದಲು ಹೊರಗಿಡಿ

ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆ ಮನೆಯಲ್ಲೇ ಇನ್‌ಕ್ಯುಬೇಟರ್ (ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ) ಇಟ್ಟು ಕೋಳಿಮರಿ ಮಾಡಿಸುವವರ ದೂರು ಹೆಚ್ಚುಕಡಿಮೆ ಒಂದೇ. "18 ದಿನ ಎಲ್ಲ ಚೆಂದ ಇತ್ತು ಮಾರಾಯ್ರೆ, ಟಾರ್ಚ್ ಹಿಡಿದರೆ ಒಳಗೆ ಮರಿ ಮಿಸುಕಾಡುವುದೂ ಕಾಣುತ್ತಿತ್ತು, ಕೊನೆಗೆ ನೋಡಿದರೆ ಅರ್ಧಕ್ಕರ್ಧ ಓಡಿನ ಒಳಗೇ ಸತ್ತಿದೆ." ಆಮೇಲೆ ಬೈಗುಳ ಕರೆಂಟಿಗೆ, ಹುಂಜಕ್ಕೆ, ಮೊಟ್ಟೆ ಕೊಟ್ಟವರಿಗೆ. ಗುಡುಗಿಗೆ ಕೆಟ್ಟಿತು ಅನ್ನುವವರೂ ಇದ್ದಾರೆ. ಪೆಟ್ಟಿಗೆಯ ಮೂಲೆಯಲ್ಲಿ ತುಂಬಿ ನಿಂತ ನೀರಿನ ಬಟ್ಟಲನ್ನು ಮಾತ್ರ ಯಾರೂ ಬೈಯುವುದಿಲ್ಲ.

ಹೆಚ್ಚಿನ ಸಲ ಕಿತಾಪತಿ ಅದರದ್ದೇ. ಇನ್‌ಕ್ಯುಬೇಟರ್ ಜೊತೆ ಬರುವ ಕಾಗದದಲ್ಲಿ, ಮೊಬೈಲ್‌ನಲ್ಲಿ ನೋಡುವ ವಿಡಿಯೋಗಳಲ್ಲಿ, ಮೊದಲ ದಿನದಿಂದಲೇ ನೀರು ಹಾಕಿ ಅಂತ ಇರುತ್ತದೆ. ಬಯಲುಸೀಮೆಯಲ್ಲಿ, ಚಳಿ ದೇಶಗಳಲ್ಲಿ ಅದು ಸರಿಯೇ. ಹೊರಗೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಜಡಿಯುತ್ತಿರುವಾಗ, ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಮನೆಯಲ್ಲಿ, ಅದೇ ಮಾತು ಕೇಳಿ ಬಟ್ಟಲು ತುಂಬಿಸಿಟ್ಟರೆ ಮರಿ ಉಸಿರುಗಟ್ಟಿ ಸಾಯುತ್ತದೆ. ನಮ್ಮಲ್ಲಿ ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಕಾವಿನ ಒಟ್ಟು 21 ದಿನಗಳಲ್ಲಿ ಮೊದಲ 18 ದಿನ ಬಟ್ಟಲು ಖಾಲಿ ಇರಲಿ, ಅಥವಾ ಪೆಟ್ಟಿಗೆಯ ಹೊರಗೇ ಇರಲಿ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ, ಯಾಕೆಂದರೆ ಸುಮ್ನೆ ಹೇಳಿದರೆ ಯಾರೂ ನಂಬುವುದಿಲ್ಲ, ನೀರಿಲ್ಲದೆ ಮೊಟ್ಟೆ ಒಣಗಿಹೋಗುತ್ತದೆ ಅಂತ ಹೆದರಿ ರಾತ್ರಿ ಎದ್ದು ಒಂದು ಲೋಟ ಹೊಯ್ದೇ ಹೊಯ್ಯುತ್ತಾರೆ.

ಮೊಟ್ಟೆ ಒಣಗಲೇಬೇಕು, ಆದರೆ ಲೆಕ್ಕದಲ್ಲಿ

ಮೊಟ್ಟೆಯ ಓಡಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಕಾವು ಶುರುವಾದ ದಿನದಿಂದ ಒಳಗಿನ ನೀರು ಆ ರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತಾ ಇರುತ್ತದೆ. ಹೋದಷ್ಟು ಜಾಗಕ್ಕೆ ಗಾಳಿ ಒಳಗೆ ಬರುತ್ತದೆ, ದಪ್ಪ ತುದಿಯಲ್ಲಿ ಗಾಳಿಯ ಜಾಗ ದೊಡ್ಡದಾಗುತ್ತಾ ಹೋಗುತ್ತದೆ. ಕೋಳಿ ಮೊಟ್ಟೆ 18 ದಿನ ಕಳೆಯುವಾಗ ಶುರುವಿನ ತೂಕದಲ್ಲಿ ಶೇಕಡಾ 11ರಿಂದ 14ರಷ್ಟು ಕಳೆದುಕೊಂಡಿರಬೇಕು. 13ರ ಆಸುಪಾಸು ಬಂದರೆ ಒಳ್ಳೆಯದು.

ಈ ಗಾಳಿ ಜಾಗ ಯಾಕೆ ಅಷ್ಟು ಮುಖ್ಯ ಅಂದರೆ, ಮರಿಯ ಮೊದಲ ಉಸಿರು ಅಲ್ಲೇ. 19ನೇ ದಿನ, 20ನೇ ದಿನದ ಹೊತ್ತಿಗೆ ಮರಿ ಒಳಗಿನ ಪೊರೆಯನ್ನು ಕೊಕ್ಕಿನಿಂದ ತೂತು ಮಾಡಿ ಆ ಜಾಗಕ್ಕೆ ಮೂತಿ ತೂರಿಸುತ್ತದೆ, ಶ್ವಾಸಕೋಶ ಕೆಲಸ ಶುರು ಮಾಡುತ್ತದೆ, ಆಮೇಲೆ ಓಡು ಕುಟ್ಟುತ್ತದೆ. ತೇವ ಜಾಸ್ತಿಯಾಗಿ ಗಾಳಿ ಜಾಗ ಚಿಕ್ಕದಾಗಿದ್ದರೆ ಮರಿ ನೀರು ತುಂಬಿ ಊದಿಕೊಂಡಿರುತ್ತದೆ, ತಿರುಗಲು ಜಾಗವಿಲ್ಲ, ಮೂತಿ ಇಡುವಲ್ಲಿ ಗಾಳಿಯಿಲ್ಲ, ನೀರೇ ಇರುತ್ತದೆ. ಹಾಗೇ ಹೋಗಿಬಿಡುತ್ತದೆ. ಹೇಗೋ ಹೊರಬಂದರೂ ಹೊಟ್ಟೆ ದಪ್ಪ, ಹೊಕ್ಕುಳು ಕೂಡಿರುವುದಿಲ್ಲ. ತೇವ ತೀರಾ ಕಮ್ಮಿಯಾದರೆ ಇದರ ಉಲ್ಟಾ: ಮರಿ ಸಣ್ಣ, ಪೊರೆ ಒಣಗಿ ಮೈಗೆ ಅಂಟಿಕೊಂಡಿರುತ್ತದೆ, ಓಡು ಕುಟ್ಟಿದ ಜಾಗದಲ್ಲೇ ಸಿಕ್ಕಿಬೀಳುತ್ತದೆ.

ಎರಡರಲ್ಲಿ ನಮ್ಮ ಕಡೆ ಜಾಸ್ತಿ ಆಗುವುದು ಮೊದಲನೆಯದೇ.

ನೀರಿಲ್ಲದೆ ತೇವ ಎಲ್ಲಿಂದ?

ಮೀಟರ್ ತೋರಿಸುವ ತೇವಾಂಶದ ಶೇಕಡಾ ಅಂದರೆ ಗಾಳಿಯಲ್ಲಿರುವ ನೀರು ಎಷ್ಟು ಅಂತ ಅಲ್ಲ. ಆ ಬಿಸಿಯಲ್ಲಿ ಗಾಳಿ ಎಷ್ಟು ಹಿಡಿದಿಟ್ಟುಕೊಳ್ಳಬಲ್ಲದೋ ಅದರಲ್ಲಿ ಎಷ್ಟು ಪಾಲು ತುಂಬಿದೆ ಅಂತ. ಗಾಳಿ ಬಿಸಿಯಾದಷ್ಟೂ ಜಾಸ್ತಿ ನೀರು ಹಿಡಿಯಬಲ್ಲದು. ಆದ್ದರಿಂದ ಹೊರಗಿನ ಗಾಳಿ ಪೆಟ್ಟಿಗೆಯೊಳಗೆ ಬಂದು 37.5 ಡಿಗ್ರಿಗೆ ಬಿಸಿಯಾದಾಗ, ನೀರು ಅಷ್ಟೇ ಇದ್ದರೂ ಶೇಕಡಾ ಇಳಿಯುತ್ತದೆ.

ಜುಲೈಯ ಒಂದು ಮಾಮೂಲಿ ದಿನ ತೆಗೆದುಕೊಳ್ಳಿ. ಕೋಣೆಯಲ್ಲಿ 28 ಡಿಗ್ರಿ, ತೇವಾಂಶ ಶೇಕಡಾ 85. ಇದೇ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಬಿಸಿಯಾದರೆ ಸುಮಾರು 50 ಬರುತ್ತದೆ. ಒಂದು ಹನಿ ನೀರು ಹಾಕದೆ! ಮೊದಲ 18 ದಿನಕ್ಕೆ ಬೇಕಾದದ್ದು 45ರಿಂದ 55. ಅಂದರೆ ಅಡಿಯಿಂದಲೇ ಹದ ಸರಿ ಇದೆ, ಮೇಲಿಂದ ಮೊಟ್ಟೆಗಳೂ ತಮ್ಮ ಆವಿ ಬಿಡುತ್ತಿರುತ್ತವೆ, ತಟ್ಟೆ ತುಂಬ ಮೊಟ್ಟೆಯಿದ್ದು ಗಾಳಿ ತೂತು ಚಿಕ್ಕದಿದ್ದರೆ ಇನ್ನೂ ಮೇಲೇರುತ್ತದೆ. ಇದಕ್ಕೆ ಬಟ್ಟಲಿನ ನೀರೂ ಸೇರಿದರೆ 65, 70.

ಅದೇ ಜನವರಿಯ ಬೆಳಗಿನ ಜಾವ ನೋಡಿ. ಕೋಣೆ 22 ಡಿಗ್ರಿ, ತೇವಾಂಶ 70. ಪೆಟ್ಟಿಗೆಯೊಳಗೆ ಅದು 29ಕ್ಕೆ ಇಳಿಯುತ್ತದೆ. ಆಗ ನೀರು ಬೇಕು.

ಪ್ರತಿ ಸಲ ಈ ಲೆಕ್ಕ ಮಾಡುತ್ತಾ ಕೂರಬೇಕಾಗಿಲ್ಲ, ಒಂದು ಸುಲಭದ ದಾರಿ ಇದೆ. ಮೊಬೈಲ್‌ನ ಹವಾಮಾನದ ಆ್ಯಪ್‌ಗಳಲ್ಲಿ ಡ್ಯೂ ಪಾಯಿಂಟ್ ಅಂತ ಒಂದು ಅಂಕಿ ಇರುತ್ತದೆ. ಯಾವ ಉಷ್ಣತೆಗೆ ತಣಿದರೆ ಗಾಳಿಯಲ್ಲಿರುವ ನೀರು ಹನಿ ಕಟ್ಟುತ್ತದೋ ಆ ಡಿಗ್ರಿ ಅದು. ಡ್ಯೂ ಪಾಯಿಂಟ್ 25 ಇದ್ದರೆ, ನೀರಿಲ್ಲದ ಪೆಟ್ಟಿಗೆಯಲ್ಲಿ ತೇವಾಂಶ 49ರ ಹತ್ತಿರ. 22 ಇದ್ದರೆ 41. 20 ಇದ್ದರೆ 36. 18ಕ್ಕೆ ಇಳಿದರೆ 32, 15 ಆದರೆ 26. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿಬಿಡಿ. 22ಕ್ಕಿಂತ ಮೇಲಿರುವ ದಿನಗಳಲ್ಲಿ ಬಟ್ಟಲು ಹೊರಗೆ. 20ರ ಕೆಳಗೆ ಹೋದರೆ ಒಂದು ಚಿಕ್ಕ ಮುಚ್ಚಳದಲ್ಲಿ ನೀರು. ಕೋಣೆಯಲ್ಲಿ ಎ.ಸಿ. ಇದ್ದರೆ ಮಾತ್ರ ಈ ಚೀಟಿ ಲೆಕ್ಕಕ್ಕಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಮೀಟರನ್ನು ನಂಬುವ ಮೊದಲು

ಅಂಗಡಿಯಲ್ಲಿ ಸಿಗುವ ಚಿಕ್ಕ ಡಿಜಿಟಲ್ ಮೀಟರ್‌ಗಳು ಐದು ಅಂಕಿ ಆಚೀಚೆ ತೋರಿಸುವುದು ಮಾಮೂಲು. ಸ್ವಂತ ಸರ್ಕ್ಯೂಟ್ ಮಾಡುವವರು ಹಾಕುವ ಡಿಎಚ್‌ಟಿ11 ಸೆನ್ಸರ್ ಕೂಡ ಅಷ್ಟೇ, ಡಿಎಚ್‌ಟಿ22 ಸ್ವಲ್ಪ ವಾಸಿ. ಮೀಟರ್ 50 ಅಂದಾಗ ನಿಜವಾಗಿ 58 ಇದ್ದರೆ ನಿಮ್ಮ ಎಲ್ಲ ಜಾಗ್ರತೆ ದಂಡ. ಆದ್ದರಿಂದ ಒಮ್ಮೆ ಉಪ್ಪಿನ ಪರೀಕ್ಷೆ ಮಾಡಿ.

ಬಾಟಲಿಯ ಒಂದು ಮುಚ್ಚಳದ ತುಂಬ ಉಪ್ಪು ಹಾಕಿ. ಅದಕ್ಕೆ ಹನಿ ಹನಿಯಾಗಿ ನೀರು ಬಿಟ್ಟು ಒದ್ದೆ ಹೊಯ್ಗೆಯ (ಮರಳಿನ) ಹದಕ್ಕೆ ತನ್ನಿ, ಕರಗಿ ನೀರಾಗಬಾರದು, ಉಪ್ಪಿನ ಕಾಳು ಕಾಣುತ್ತಿರಬೇಕು. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪು ಅರ್ಧ ಈ ಹದಕ್ಕೆ ತಾನೇ ಬಂದಿರುತ್ತದೆ, ಅದು ಬೇರೆ ವಿಷಯ. ಮುಚ್ಚಳವನ್ನೂ ಮೀಟರನ್ನೂ ಜೊತೆಯಾಗಿ ಒಂದು ಜಿಪ್ ಕವರ್ ಅಥವಾ ಗಾಳಿಯಾಡದ ಡಬ್ಬದಲ್ಲಿ ಇಟ್ಟು ಮುಚ್ಚಿ. ಮೀಟರಿಗೆ ಉಪ್ಪು ತಾಗಬಾರದು. ರಾತ್ರಿ ಇಟ್ಟು ಬೆಳಿಗ್ಗೆ ನೋಡಿ, ಡಬ್ಬ ತೆರೆಯದೆ ಹೊರಗಿಂದಲೇ. ಒದ್ದೆ ಉಪ್ಪಿನ ಮೇಲಿನ ಗಾಳಿ 75ರಲ್ಲಿ ನಿಲ್ಲುತ್ತದೆ, ಕೋಣೆ 25 ಡಿಗ್ರಿ ಇರಲಿ 35 ಇರಲಿ ಹೆಚ್ಚು ವ್ಯತ್ಯಾಸ ಇಲ್ಲ. ಮೀಟರ್ 81 ತೋರಿಸಿದರೆ ಅದು 6 ಜಾಸ್ತಿ ಹೇಳುವ ಮೀಟರ್. ಅಷ್ಟು ಕಳೆದು ಓದಿ. ಅದರ ಹಿಂದೆ ಮಾರ್ಕರ್‌ನಲ್ಲಿ ಬರೆದಿಡಿ, ಇಲ್ಲದಿದ್ದರೆ ಮುಂದಿನ ಸಲ ಕೂಡಿಸಬೇಕಾ ಕಳೆಯಬೇಕಾ ಅಂತ ಮರೆತುಹೋಗುತ್ತದೆ.

ಮೀಟರ್ ಬೇಡ ಅನ್ನುವವರಿಗೆ ಹಳೆಯ ದಾರಿಯೂ ಇದೆ. ಎರಡು ಥರ್ಮಾಮೀಟರ್ ಇಟ್ಟು ಒಂದರ ಬುಡಕ್ಕೆ ದೀಪದ ಹತ್ತಿ ಬತ್ತಿ ಸುತ್ತಿ ಅದರ ತುದಿ ನೀರಿನಲ್ಲಿ ಮುಳುಗಿರುವಂತೆ ಮಾಡಿ, ಫ್ಯಾನಿನ ಗಾಳಿ ತಾಗುವಲ್ಲಿ ಇಡಿ. ಒಣ ಥರ್ಮಾಮೀಟರ್ 37.5 ಇರುವಾಗ ಒದ್ದೆಯದ್ದು 28ಕ್ಕಿಂತ ತುಸು ಮೇಲೆ ನಿಂತರೆ ತೇವಾಂಶ 50. 31.5 ಆದರೆ 65. 32.5 ಆಸುಪಾಸು 70.

ಸೆನ್ಸರ್ ಮೊಟ್ಟೆಯ ಮಟ್ಟದಲ್ಲೇ ಇರಲಿ. ಬಟ್ಟಲಿನ ಮೇಲೆ ನೇತಾಡಿಸಿದರೆ ಬಟ್ಟಲಿನ ಕತೆ ಹೇಳುತ್ತದೆ, ಬಲ್ಬಿನ ಪಕ್ಕ ಇಟ್ಟರೆ ಬಲ್ಬಿನ ಕತೆ. ಉಷ್ಣತೆಯ ಮೀಟರನ್ನು ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಪಕ್ಕದಲ್ಲಿಟ್ಟು ತಾಳೆ ನೋಡಿ. ಫ್ಯಾನ್ ಇರುವ ಪೆಟ್ಟಿಗೆಗೆ 37.5, ಫ್ಯಾನ್ ಇಲ್ಲದ್ದಕ್ಕೆ ಮೊಟ್ಟೆಯ ಮೇಲ್ಮೈಯಲ್ಲಿ 38.3ರಿಂದ 38.9. ಉಷ್ಣತೆ ಸರಿಯಿಲ್ಲದೆ ತೇವದ ಲೆಕ್ಕ ಹಾಕಿ ಉಪಯೋಗವಿಲ್ಲ.

ತಕ್ಕಡಿ ಸುಳ್ಳು ಹೇಳುವುದಿಲ್ಲ

ಮೀಟರ್ ಎಷ್ಟೇ ಒಳ್ಳೆಯದಿರಲಿ, ಮೊಟ್ಟೆ ನಿಜವಾಗಿ ಎಷ್ಟು ನೀರು ಕಳೆದುಕೊಂಡಿತು ಅಂತ ಹೇಳುವುದು ತೂಕ ಮಾತ್ರ. ಓಡು ದಪ್ಪ ಇರುವ ಮೊಟ್ಟೆ ಕಮ್ಮಿ ಬಿಡುತ್ತದೆ, ತೆಳು ಓಡಿನದ್ದು ಜಾಸ್ತಿ ಬಿಡುತ್ತದೆ. ಊರ ಕೋಳಿಯ ಮೊಟ್ಟೆ, ಗಿರಿರಾಜದ ಮೊಟ್ಟೆ, ಕಡಕ್‌ನಾಥ್ ಮೊಟ್ಟೆ ಒಂದೇ ಪೆಟ್ಟಿಗೆಯಲ್ಲಿ ಒಂದೇ ತೇವದಲ್ಲಿ ಇದ್ದರೂ ಒಂದೇ ಥರ ಒಣಗುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಒಂದು ಗ್ರಾಂ ಲೆಕ್ಕದಲ್ಲಿ ತೋರಿಸಿದರೆ ಆಯಿತು, ಎಲ್ಲ ಮೊಟ್ಟೆ ಒಟ್ಟಿಗೆ ಇಟ್ಟು ತೂಗಬೇಕು. ಚಿನ್ನ ತೂಗುವ ಪಾಕೆಟ್ ತಕ್ಕಡಿ ಇದ್ದರೆ ಒಂದೊಂದಾಗಿ ತೂಗಬಹುದು. ಅದೇ ಒಳ್ಳೆಯದು ಅನ್ನುತ್ತೇನೆ, ಯಾಕೆಂದರೆ 7ನೇ ದಿನ ಗೊಡ್ಡು ಮೊಟ್ಟೆ ತೆಗೆದುಹಾಕಿದ ಮೇಲೆ ಒಟ್ಟು ತೂಕದ ಲೆಕ್ಕ ಎಕ್ಕುಟ್ಟಿ ಹೋಗುತ್ತದೆ. ಪೆನ್ಸಿಲ್‌ನಲ್ಲಿ ಪ್ರತಿ ಮೊಟ್ಟೆಗೆ ನಂಬರ್ ಹಾಕಿ, ಶುರುವಿನ ತೂಕ ಬರೆದಿಡಿ. ಸ್ಕೆಚ್ ಪೆನ್ ಬೇಡ.

ಒಂದು ಉದಾಹರಣೆ. 12 ಊರ ಮೊಟ್ಟೆ, ತಲಾ 42 ಗ್ರಾಂ, ಒಟ್ಟು 504 ಗ್ರಾಂ. 18 ದಿನಕ್ಕೆ ಶೇಕಡಾ 13 ಅಂದರೆ ಸುಮಾರು 65 ಗ್ರಾಂ ಹೋಗಬೇಕು. ದಿನಕ್ಕೆ 3.6 ಗ್ರಾಂ ಬೀಳುತ್ತದೆ. 7ನೇ ದಿನ ತಕ್ಕಡಿ 479 ತೋರಿಸಬೇಕು, 14ನೇ ದಿನ 453, 18ನೇ ದಿನ 439. ಒಂದೆರಡು ಗ್ರಾಂ ಆಚೀಚೆ ಆದರೆ ತಲೆಬಿಸಿ ಬೇಡ.

7ನೇ ದಿನ 479 ಬದಲು 484 ಬಂತು ಅನ್ನಿ. 25 ಹೋಗಬೇಕಾದಲ್ಲಿ 20 ಮಾತ್ರ ಹೋಗಿದೆ. ಮೀಟರ್ ಅಷ್ಟೂ ದಿನ 55 ತೋರಿಸುತ್ತಿತ್ತು. ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಮೊಟ್ಟೆ ಒಣಗುವ ವೇಗ ನೂರಕ್ಕೂ ಮೀಟರಿನ ಅಂಕಿಗೂ ಇರುವ ಅಂತರಕ್ಕೆ ತಕ್ಕಂತೆ. 55 ಅಂದರೆ ಅಂತರ 45, ಅದರಲ್ಲಿ ದಿನಕ್ಕೆ 2.9 ಗ್ರಾಂ ಹೋಯಿತು. ಉಳಿದ 11 ದಿನದಲ್ಲಿ 45 ಗ್ರಾಂ ಹೋಗಬೇಕಾದರೆ ದಿನಕ್ಕೆ 4.1 ಬೇಕು, ಅದಕ್ಕೆ ಅಂತರ 65 ಆಗಬೇಕು, ಅಂದರೆ ತೇವಾಂಶ 35. ಮಳೆಗಾಲದಲ್ಲಿ 35 ಎಲ್ಲಿಂದ ತರುತ್ತೀರಿ? ಆಗುವುದಿಲ್ಲ. ಆದರೆ 50ಕ್ಕೆ ಇಳಿಸಿದರೂ 18ನೇ ದಿನಕ್ಕೆ ಒಟ್ಟು 55 ಗ್ರಾಂ ಹೋಗುತ್ತದೆ, ಶೇಕಡಾ 11. ಅಷ್ಟರಲ್ಲಿ ಮರಿ ಬರುತ್ತದೆ. ಇದೇ ಎಡವಟ್ಟು 14ನೇ ದಿನ ಗೊತ್ತಾದರೆ ಸರಿಪಡಿಸಲು ಹೊತ್ತೇ ಉಳಿದಿರುವುದಿಲ್ಲ. ಅದಕ್ಕೇ 4ನೇ ದಿನವೇ ಒಮ್ಮೆ ತೂಗಿ.

ತಕ್ಕಡಿ ಇಲ್ಲದಿದ್ದರೆ ಕತ್ತಲೆಯಲ್ಲಿ ಟಾರ್ಚ್ ಹಿಡಿದು ಗಾಳಿ ಜಾಗದ ಗೆರೆಯನ್ನು 7, 14, 18ನೇ ದಿನ ಪೆನ್ಸಿಲ್‌ನಲ್ಲಿ ಎಳೆಯಿರಿ. ಗೆರೆಗಳು ಕೆಳಗಿಳಿಯುತ್ತಾ ಹೋಗಬೇಕು, ಕೊನೆಗೆ ಮೊಟ್ಟೆಯ ಮೂರನೇ ಒಂದು ಪಾಲಿನ ಹತ್ತಿರ ಬರಬೇಕು. ಎರಡು ಗೆರೆ ಒಂದರ ಮೇಲೊಂದು ಅಂಟಿಕೊಂಡಂತೆ ಇದ್ದರೆ ಒಳಗೆ ನೀರು ಜಾಸ್ತಿ ಅಂತಲೇ ಅರ್ಥ.

ಬಟ್ಟಲು ತೆಗೆದರೂ 60 ತೋರಿಸುತ್ತಿದೆ, ಏನು ಮಾಡುವುದು?

ಮೊದಲು ಗಾಳಿ ತೂತು ನೋಡಿ. ಮೀನಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಾಡಿದ ಇನ್‌ಕ್ಯುಬೇಟರ್ ನಮ್ಮಲ್ಲಿ ಬಹಳ. ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಹಳೆಯ ಪೆಟ್ಟಿಗೆಗೆ ಬರವಿಲ್ಲ, ಬಿಸಿ ಚೆನ್ನಾಗಿ ಹಿಡಿಯುತ್ತದೆ, ವಾಸನೆ ಹೋಗುವಂತೆ ತೊಳೆದುಕೊಂಡರೆ ಸಾಕು. ಆದರೆ ಕರೆಂಟ್ ಉಳಿಸಲು ತೂತನ್ನು ಪೆನ್ನಿನ ರೀಫಿಲ್‌ನಷ್ಟು ಮಾಡಿಬಿಡುತ್ತಾರೆ. ಕೆಳಗೆ ಎರಡು, ಮೇಲೆ ಎರಡು, ಬೆರಳು ದಪ್ಪದ ತೂತು ಬೇಕು. ಮೊಟ್ಟೆಗಳ ಆವಿ ಹೊರಗೆ ಹೋಗಿ ಕೋಣೆಯ ಗಾಳಿ ಒಳಗೆ ಬಂದಾಗ ಪೆಟ್ಟಿಗೆಯ ತೇವ ಆ ಚೀಟಿಯ ಅಂಕಿಯ ಹತ್ತಿರಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ, ನೆನಪಿರಲಿ.

ಪ್ಲೈವುಡ್ ಪೆಟ್ಟಿಗೆಯಾದರೆ ಮರವೇ ಮಳೆಗಾಲದಲ್ಲಿ ನೀರು ಕುಡಿದು ಕೂತಿರುತ್ತದೆ. ಮೊಟ್ಟೆ ಇಡುವ ಮೊದಲು ಒಂದೆರಡು ದಿನ ಖಾಲಿ ಪೆಟ್ಟಿಗೆಯನ್ನು 37.5ರಲ್ಲಿ ಓಡಿಸಿ ಒಣಗಿಸಿಕೊಳ್ಳಿ.

ಪೆಟ್ಟಿಗೆ ಇಡುವ ಜಾಗ ಯಾವುದು? ಬಚ್ಚಲಿನ ಗೋಡೆಗೆ ತಾಗಿದ ಕೋಣೆ ಬೇಡ. ಅಡುಗೆಮನೆ ಬೇಡ, ಕುಚ್ಚಲಕ್ಕಿ ಗಂಟೆಗಟ್ಟಲೆ ಬೇಯುವ ಮನೆಯಲ್ಲಂತೂ ಬೇಡವೇ ಬೇಡ. ಬಟ್ಟೆ ಒಣಹಾಕುವ ಕೋಣೆಯೂ ಬೇಡ, ಮಳೆಗಾಲದಲ್ಲಿ ಮನೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಹಾಕಿದರೆ ಅದರ ನೀರೆಲ್ಲ ಹೋಗುವುದು ಅದೇ ಗಾಳಿಗೆ. ಕೋಣೆಯನ್ನು ಬಿಸಿ ಮಾಡಿದರೆ ಒಣಗುತ್ತದೆ ಅಂತ ಕೆಲವರು ದೊಡ್ಡ ಬಲ್ಬ್ ಉರಿಸುತ್ತಾರೆ. ಗಾಳಿಯಲ್ಲಿರುವ ನೀರು ಅಷ್ಟೇ ಇರುತ್ತದೆ, ಪೆಟ್ಟಿಗೆಯೊಳಗೆ ಹೋದ ಮೇಲೆ ಲೆಕ್ಕ ಅದೇ. ಪೆಟ್ಟಿಗೆಯೊಳಗೆ ಒಂದು ಬಟ್ಟಲು ಅಕ್ಕಿ ಇಡುವುದೂ ಹಾಗೇ. ಹೊರಗಿನ ಗಾಳಿ ಬಿಡದೆ ಒಳಗೆ ಬರುತ್ತಿರುವಾಗ ಅಕ್ಕಿ ಎಷ್ಟು ಹೀರೀತು?

ನಿಜವಾಗಿ ನೀರು ತೆಗೆಯುವುದು ಎ.ಸಿ. 26 ಡಿಗ್ರಿಗೆ ಇಟ್ಟು ಕೋಣೆಯ ತೇವಾಂಶ 55ಕ್ಕೆ ಬಂದರೆ ಪೆಟ್ಟಿಗೆಯೊಳಗೆ 29ಕ್ಕೆ ಇಳಿಯುತ್ತದೆ. ಹಾಗಾಗಿ ಎ.ಸಿ. ಕೋಣೆಯಲ್ಲಿ ಇಟ್ಟವರಿಗೆ ಆಟಿಯಲ್ಲೂ ನೀರು ಬೇಕಾಗಬಹುದು, ಮೇಲಿನ ಚೀಟಿ ಅವರಿಗಲ್ಲ ಅಂದದ್ದು ಇದಕ್ಕೇ. ರಾತ್ರಿ ಎ.ಸಿ. ಹಾಕಿ ಹಗಲು ಆರಿಸುವ ಮನೆಯಲ್ಲಿ ಅಂಕಿ ಮೇಲೆ ಕೆಳಗೆ ಕುಣಿಯುತ್ತದೆ. ಕುಣಿಯಲಿ ಬಿಡಿ. ದಿನದ ಸರಾಸರಿ ಸರಿ ಇದ್ದರೆ ಸಾಕು, ಗಂಟೆಗೊಮ್ಮೆ ನೋಡಿ ಗಾಬರಿಯಾಗುವುದು ಬೇಡ. ತಂಪು ಗಾಳಿ ನೇರ ಪೆಟ್ಟಿಗೆಗೆ ಹೊಡೆಯದಂತೆ ನೋಡಿಕೊಳ್ಳಿ.

ತೇವ ಕಮ್ಮಿಯಾದಾಗ ತಾನೇ ಮಂಜು ಬಿಡುವ ಯಂತ್ರ ಇರುವ ಇನ್‌ಕ್ಯುಬೇಟರ್ ಇದ್ದರೆ ಮಳೆಗಾಲದಲ್ಲಿ 18 ದಿನ ಅದರ ಪ್ಲಗ್ ತೆಗೆದಿಡಿ. ತೇವ ಕಮ್ಮಿ ಅಂತ ಅಲಾರಾಂ ಬಡಿಯುತ್ತಿದ್ದರೆ ಅದರ ಕೆಳಗಿನ ಮಿತಿಯನ್ನು 40ಕ್ಕೆ ಇಳಿಸಿ.

ಡಿಸೆಂಬರ್‌ನಿಂದ ಫೆಬ್ರವರಿ

ಈ ಮೂರು ತಿಂಗಳು ನಮ್ಮಲ್ಲೂ ನೀರು ಬೇಕು. ಕಾರ್ಕಳ, ಸುಳ್ಯ, ಬೆಳ್ತಂಗಡಿ, ಹೀಗೆ ಘಟ್ಟದ ಬುಡದ ಕಡೆ ಇರುವವರಿಗೆ ಕಡಲ ಬದಿಯವರಿಗಿಂತ ಸ್ವಲ್ಪ ಜಾಸ್ತಿಯೇ ಬೇಕಾಗಬಹುದು. ನೀರಿನ ಆಳದಿಂದ ತೇವ ಜಾಸ್ತಿಯಾಗುವುದಿಲ್ಲ, ನೀರಿನ ಹರವಿನಿಂದ ಆಗುತ್ತದೆ. ಚೊಂಬು ತುಂಬ ನೀರಿಗಿಂತ ಒಂದು ಅಗಲ ತಟ್ಟೆಯ ಅರ್ಧ ಇಂಚು ನೀರು ಹೆಚ್ಚು ಕೆಲಸ ಮಾಡುತ್ತದೆ. ಚಿಕ್ಕ ಮುಚ್ಚಳದಿಂದ ಶುರು ಮಾಡಿ, ಅರ್ಧ ದಿನ ನೋಡಿ, ಸಾಲದಿದ್ದರೆ ದೊಡ್ಡದು. ಹಾಕುವ ನೀರು ಉಗುರು ಬೆಚ್ಚಗಿರಲಿ, ತಣ್ಣೀರು ಹೊಯ್ದರೆ ಪೆಟ್ಟಿಗೆಯ ಬಿಸಿ ಇಳಿಯುತ್ತದೆ. ಸ್ಪಂಜ್ ಇಡುವವರು ಎರಡು ದಿನಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿ, 37 ಡಿಗ್ರಿಯಲ್ಲಿ ಒದ್ದೆ ಸ್ಪಂಜ್‌ಗೆ ಬೂಷ್ಟು ಬರಲು ಹೊತ್ತು ಬೇಡ, ಆ ಬೂಷ್ಟಿನ ಪುಡಿ ಮರಿಯ ಶ್ವಾಸಕೋಶಕ್ಕೆ ಹೋದರೆ ಉಳಿಯುವುದು ಕಷ್ಟ.

ನೀರು ಮತ್ತು ಬಲ್ಬಿನ ವಯರ್ ಒಂದರ ಪಕ್ಕ ಒಂದು ಇರಬಾರದು ಅಂತ ಬೇರೆ ಹೇಳಬೇಕಾ? ಹೇಳಬೇಕು, ಯಾಕೆಂದರೆ ಮನೆಯಲ್ಲಿ ಮಾಡಿದ ಪೆಟ್ಟಿಗೆಗಳಲ್ಲಿ ಹೋಲ್ಡರ್ ಕೆಳಗೇ ಬಟ್ಟಲು ಇರುವುದುಂಟು. ಕೈ ಹಾಕುವ ಮೊದಲು ಸ್ವಿಚ್ ಆಫ್.

ಮೊಟ್ಟೆ ಬೆವರುವುದು

ಕಾವಿಗೆ ಇಡುವ ಮೊದಲೇ ಕೆಡುವ ಒಂದು ಬಗೆ ಇದು, ಕರಾವಳಿಯಲ್ಲಿ ವರ್ಷದ ಹೆಚ್ಚಿನ ತಿಂಗಳು ಆಗುತ್ತದೆ. ಎ.ಸಿ. ಕೋಣೆಯಲ್ಲೋ ಫ್ರಿಜ್‌ನಲ್ಲೋ ಇದ್ದ ಮೊಟ್ಟೆ ಹೊರಗೆ ತಂದ ಕೂಡಲೇ ಮೈಮೇಲೆ ನೀರು ಹನಿಯುತ್ತದೆ. ಡ್ಯೂ ಪಾಯಿಂಟ್ 25 ಇರುವ ದಿನ 25ಕ್ಕಿಂತ ತಣ್ಣಗಿರುವ ಯಾವ ಮೊಟ್ಟೆಯೂ ಬೆವರುತ್ತದೆ. ಆ ನೀರಿನ ಜೊತೆ ಓಡಿನ ಮೇಲಿನ ಕೊಳೆ, ರೋಗಾಣು ರಂಧ್ರದೊಳಗೆ ಹೋಗುತ್ತವೆ. ಒರೆಸಿದರೆ ಇನ್ನೂ ಒಳಗೆ ತಿಕ್ಕಿದ ಹಾಗೆ. ಮುಚ್ಚಿದ ಡಬ್ಬದಲ್ಲೇ ಹೊರಗೆ ತಂದು, ಕೋಣೆಯ ಬಿಸಿಗೆ ಬರುವವರೆಗೆ ಡಬ್ಬ ತೆರೆಯದೆ ಬಿಡಿ. ಫ್ರಿಜ್ ಅಂತೂ ಬೇಡ, ಅಲ್ಲಿಯ ತಂಪು ಮರಿ ಮಾಡಿಸುವ ಮೊಟ್ಟೆಗೆ ಅತಿಯಾಯಿತು. ನಮ್ಮ ಕೋಣೆಯ 28, 30 ಡಿಗ್ರಿಯಲ್ಲಿ ಇಟ್ಟರೆ ಮೊಟ್ಟೆಯೊಳಗಿನ ಜೀವ ಅರೆಬರೆ ಬೆಳೆಯಲು ಶುರು ಮಾಡಿ ನಿಂತುಬಿಡಬಹುದು, ಆದ್ದರಿಂದ ಕೂಡಿಡುವುದು ಮೂರು ನಾಲ್ಕು ದಿನ ಮಾತ್ರ. ತೊಳೆಯಬೇಡಿ. ಗಲೀಜಾದ ಮೊಟ್ಟೆಯನ್ನು ಆಮ್ಲೆಟ್‌ಗೆ ಇಟ್ಟುಕೊಳ್ಳಿ.

ಕರೆಂಟ್ ಹೋದಾಗ

ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಪೆಟ್ಟಿಗೆ ನಿಧಾನ ತಣಿಯುತ್ತದೆ, ಆಗ ಮೀಟರ್ 75 ತೋರಿಸುತ್ತದೆ. ಹೊಸ ನೀರು ಎಲ್ಲಿಂದಲೂ ಬಂದಿಲ್ಲ. 37.5ರಲ್ಲಿ 50 ಇದ್ದ ಅದೇ ಗಾಳಿ 30 ಡಿಗ್ರಿಗೆ ಇಳಿದಾಗ 75 ಆಗುತ್ತದೆ ಅಷ್ಟೇ. ಮುಚ್ಚಳ ತೆಗೆದು ಆವಿ ಬಿಡಲು ಹೋಗಬೇಡಿ, ಇದ್ದ ಬಿಸಿಯೂ ಹೋಗುತ್ತದೆ. ಮೇಲೆ ಒಂದು ಕಂಬಳಿ ಹೊದೆಸಿ, ತೂತು ಪೂರ್ತಿ ಮುಚ್ಚದಂತೆ. ಒಂದೆರಡು ಗಂಟೆಗೆ ಮೊಟ್ಟೆಗೆ ಏನೂ ಆಗುವುದಿಲ್ಲ. ಇನ್ವರ್ಟರ್‌ಗೆ ಸೇರಿಸಿಟ್ಟರೆ ಈ ಚಿಂತೆಯೇ ಇಲ್ಲ, ಬಲ್ಬ್ ಫ್ಯಾನ್ ಸೇರಿ ಅದಕ್ಕೆ ದೊಡ್ಡ ಭಾರವಲ್ಲ.

ಕೊನೆಯ ಮೂರು ದಿನ

ಇಲ್ಲಿ ಎಲ್ಲ ಉಲ್ಟಾ. 18ನೇ ದಿನ ಮುಗಿದ ಮೇಲೆ ಮೊಟ್ಟೆ ತಿರುಗಿಸುವುದು ನಿಲ್ಲಿಸಿ, ಮಲಗಿಸಿ, ತೇವಾಂಶ 65ರಿಂದ 70ಕ್ಕೆ ಏರಿಸಿ. ಅಷ್ಟು ದಿನ ಹೊರಗಿದ್ದ ಬಟ್ಟಲಿಗೆ ಈಗ ಕೆಲಸ. ಯಾಕೆಂದರೆ ಮರಿ ಓಡು ಒಡೆದ ಕೂಡಲೇ ಒಳಗಿನ ಪೊರೆಗೆ ಗಾಳಿ ತಾಗುತ್ತದೆ, ಒಣ ಗಾಳಿಯಾದರೆ ಪೊರೆ ಗಟ್ಟಿಯಾಗಿ ಮರಿಯನ್ನು ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ 50ರಿಂದ 65ಕ್ಕೆ ಏರಿಸಲು ಒಂದು ಚಿಕ್ಕ ತಟ್ಟೆ ಸಾಕು. ಜನವರಿಯಲ್ಲಿ ಅಗಲ ತಟ್ಟೆ, ಅದರಲ್ಲಿ ಒಂದು ಹತ್ತಿ ಬಟ್ಟೆಯ ತುದಿ ಅದ್ದಿ ನಿಲ್ಲಿಸಿದರೆ ಬೇಗ ಏರುತ್ತದೆ. ತಟ್ಟೆಯ ಮೇಲೆ ಜಾಲರಿ ಇರಲಿ, ಹೊಸ ಮರಿ ಅರ್ಧ ಇಂಚು ನೀರಿನಲ್ಲೂ ಮುಳುಗಿ ಸಾಯುತ್ತದೆ.

ತೇವ ಏರಿಸಲು ಗಾಳಿ ತೂತು ಮುಚ್ಚುವ ಅಭ್ಯಾಸ ತುಂಬ ಜನರಿಗೆ ಇದೆ. ದಯವಿಟ್ಟು ಬೇಡ. ಮರಿಗೆ ಜಾಸ್ತಿ ಉಸಿರು ಬೇಕಾಗುವ ಹೊತ್ತು ಅದೇ. ತೂತು ಪೂರ್ತಿ ತೆರೆದಿರಲಿ, ತೇವ ಸಾಲದಿದ್ದರೆ ನೀರಿನ ಹರವು ಜಾಸ್ತಿ ಮಾಡಿ. ಮುಚ್ಚಳ ತೆರೆಯದೆ ನೀರು ಹಾಕಲು ಅಕ್ವೇರಿಯಂನ ಸಪೂರ ಪೈಪನ್ನು ತೂತಿನಿಂದ ತಟ್ಟೆಗೆ ಇಳಿಸಿಟ್ಟುಕೊಳ್ಳಿ, ಸಿರಿಂಜ್‌ನಲ್ಲಿ ಬೆಚ್ಚಗಿನ ನೀರು ಬಿಡಬಹುದು.

ಮೊದಲ ಮರಿ ಹೊರಬಿದ್ದಾಗ ಮೀಟರ್ 80 ದಾಟುತ್ತದೆ, ಗಾಜಿನ ಮೇಲೆ ನೀರು ಹನಿ ಕಟ್ಟುತ್ತದೆ. ಅದು ಒದ್ದೆ ಮರಿಯ ಮೈಯ ನೀರು, ತಾನೇ ಇಳಿಯುತ್ತದೆ. ಗಾಜು ಒರೆಸಲು ಅಂತ ಮುಚ್ಚಳ ತೆರೆದರೆ ಇನ್ನೊಂದು ಮೂಲೆಯಲ್ಲಿ ಅರ್ಧ ಓಡು ಒಡೆದುಕೊಂಡಿರುವ ಮರಿಯ ಪೊರೆ ಒಣಗಿಹೋಗುತ್ತದೆ. ಮನೆಯ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ. ಮಕ್ಕಳಿಗೇನು, ದೊಡ್ಡವರಿಗೂ. ಓಡಿನಲ್ಲಿ ಮೊದಲ ತೂತು ಬಿದ್ದ ಮೇಲೆ ಮರಿ ಪೂರ್ತಿ ಬರಲು 12ರಿಂದ 24 ಗಂಟೆ ಹಿಡಿಯುತ್ತದೆ, ಮಧ್ಯೆ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಆಗ ಅದು ಸತ್ತಿಲ್ಲ, ಭಂಡಾರವನ್ನೂ (ಮೊಟ್ಟೆಯ ಹಳದಿ ಭಾಗ) ಓಡಿಗೆ ಅಂಟಿದ ನಾಳದ ರಕ್ತವನ್ನೂ ಒಳಗೆ ಎಳೆದುಕೊಳ್ಳುತ್ತಿದೆ. ಪಾಪ ಅಂತ ಓಡು ಬಿಡಿಸಲು ಹೋದರೆ ರಕ್ತ ಬರುತ್ತದೆ. ಹೊರಬಂದ ಮರಿಗೆ ಒಂದೆರಡು ದಿನ ಹೊಟ್ಟೆಯೊಳಗಿನ ಭಂಡಾರವೇ ಆಹಾರ, ಹಸಿದಿದೆ ಅಂತ ಅವಸರ ಬೇಡ. ಮೈ ಒಣಗಿ ಪುಕ್ಕ ಉಬ್ಬಿದ ಮೇಲೆ ಎಲ್ಲವನ್ನೂ ಒಮ್ಮೆಲೇ ತೆಗೆಯಿರಿ.

ಬಾತುಕೋಳಿಗೆ 28 ದಿನ, ಕೊನೆಯ ಮೂರು ದಿನ ತೇವ ಏರಿಸುವುದು ಹಾಗೇ. ಗೌಜಲಿಗೆ 17, 18 ದಿನ, 15ನೇ ದಿನದ ಹೊತ್ತಿಗೆ ಏರಿಸಿ. ಉಳಿದ ಲೆಕ್ಕ ಎಲ್ಲ ಒಂದೇ. ಬೇರೆ ಬೇರೆ ದಿನದ ಮೊಟ್ಟೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ, ಒಂದಕ್ಕೆ 50 ಬೇಕಾದಾಗ ಇನ್ನೊಂದಕ್ಕೆ 70 ಬೇಕಾಗುತ್ತದೆ.

ಒಡೆಯದೆ ಉಳಿದ ಮೊಟ್ಟೆ

23ನೇ ದಿನವೂ ಸದ್ದಿಲ್ಲದ ಮೊಟ್ಟೆಯನ್ನು ಹಾಗೇ ಎಸೆಯಬೇಡಿ, ಮನೆಯ ಹೊರಗೆ ಹೋಗಿ ದಪ್ಪ ತುದಿಯಿಂದ ಒಡೆದು ನೋಡಿ. ಮರಿ ಪೂರ್ತಿ ಬೆಳೆದು, ಮೈ ಊದಿ, ಮೂತಿಯ ಹತ್ತಿರ ನೀರು ನಿಂತಿದ್ದರೆ, ಗಾಳಿ ಜಾಗ ಚಿಕ್ಕದಿದ್ದರೆ, ಮೊದಲ 18 ದಿನ ತೇವ ಜಾಸ್ತಿಯಾಗಿದೆ. ಮುಂದಿನ ಸಲ 5 ಅಂಕಿ ಇಳಿಸಿ. ಪೊರೆ ಬಿಳಿಚಿ ಚರ್ಮದ ಹಾಗೆ ಗಟ್ಟಿಯಾಗಿ ಮರಿಗೆ ಅಂಟಿದ್ದರೆ ಒಣಗಿದ್ದು, ಅದು ಕೊನೆಯ ದಿನಗಳಲ್ಲಿ ಮುಚ್ಚಳ ತೆರೆದದ್ದರಿಂದಲೋ ಅಥವಾ ಮೊದಲಿಂದಲೇ ಕಮ್ಮಿಯಿತ್ತೋ ಅಂತ ನಿಮ್ಮ ತೂಕದ ಚೀಟಿ ಹೇಳುತ್ತದೆ. ಒಳಗೆ ಬರೀ ರಕ್ತದ ಉಂಗುರ ಇದ್ದರೆ ಮೊದಲ ವಾರವೇ ಸತ್ತದ್ದು, ಅದಕ್ಕೆ ಉಷ್ಣತೆ ಅಥವಾ ಹಳೆಯ ಮೊಟ್ಟೆ ಕಾರಣ ಇರಬಹುದು, ನೀರಿನ ಬಟ್ಟಲನ್ನು ಬೈಯಬೇಡಿ. ನೋಡಿದ್ದನ್ನು ಅದೇ ಚೀಟಿಯಲ್ಲಿ ಬರೆದು, ಎಲ್ಲವನ್ನೂ ತೆಂಗಿನ ಬುಡದಲ್ಲಿ ಹೂಳಿ. ನಾಯಿ ಕೆದಕಲಾರದಷ್ಟು ಆಳ ಇರಲಿ, ಇಲ್ಲದಿದ್ದರೆ ಮರುದಿನ ಅಂಗಳದಲ್ಲೇ ಸಿಗುತ್ತದೆ.